ಗುಲಾಮಗಿರಿಗೆ ಪರಿಹಾರ ಕೊಟ್ಟಾಗಿದೆ, ಆದರೆ ಕೊಟ್ಟಿದ್ದು ಯಾರಿಗೆ?

2025ರ ಜೂನ್‌ನಲ್ಲಿ ಜಮೈಕಾ ಸರ್ಕಾರ ಒಂದು ನಿರ್ಧಾರ ಪ್ರಕಟಿಸಿತು. ಗುಲಾಮಗಿರಿಯ ವಿಚಾರವಾಗಿ ದೊರೆ ಮೂರನೇ ಚಾರ್ಲ್ಸ್ ಅವರಿಗೆ ಅಧಿಕೃತ ಮನವಿ ಸಲ್ಲಿಸುತ್ತೇವೆ ಎಂದು ಅಲ್ಲಿನ ಸಂಸ್ಕೃತಿ ಸಚಿವೆ ಒಲಿವಿಯಾ ಗ್ರೇಂಜ್ ಹೇಳಿದರು. ಸುದ್ದಿ ಓದಿದವರಿಗೆ ಎರಡು ಗೊಂದಲ. ಚಾರ್ಲ್ಸ್ ಬ್ರಿಟನ್ನಿನ ದೊರೆ. ಅವರ ದೇಶದ ಮೇಲಿನ ದೂರನ್ನು ಅವರ ಕೈಗೇ ಕೊಡುವುದು ಹೇಗೆ? ಇನ್ನೊಂದು, ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಹೋಗಿ ಸುಮಾರು 190 ವರ್ಷವಾಯಿತು. ಗುಲಾಮರಾಗಿದ್ದವರೂ ಇಲ್ಲ, ಅವರ ಯಜಮಾನರೂ ಇಲ್ಲ. ಹಾಗಿದ್ದ ಮೇಲೆ ಈಗ ಯಾರು ಯಾರಿಗೆ ಏನು ಕೊಡಬೇಕು?

ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ಹಳೆಯ ಹಣದ ಲೆಕ್ಕ ಬಿಚ್ಚಬೇಕು.

ಜಮೈಕಾ ಕೇಳುತ್ತಿರುವುದು ದುಡ್ಡಲ್ಲ, ಸದ್ಯಕ್ಕೆ

ಜಮೈಕಾ 1962ರಲ್ಲಿ ಸ್ವತಂತ್ರವಾಯಿತು. ಆದರೆ ಗಣರಾಜ್ಯವಾಗಲಿಲ್ಲ. ಚಾರ್ಲ್ಸ್ ಇವತ್ತಿಗೂ ಜಮೈಕಾದ ರಾಷ್ಟ್ರಮುಖ್ಯಸ್ಥರು. ಅಲ್ಲಿನ ಕೊನೆಯ ಮೇಲ್ಮನವಿ ನ್ಯಾಯಾಲಯವೂ ಲಂಡನ್ನಿನಲ್ಲಿರುವ ಪ್ರಿವಿ ಕೌನ್ಸಿಲ್. 1833ರ ಒಂದು ಕಾಯ್ದೆಯ ಪ್ರಕಾರ ದೊರೆ ಯಾವುದೇ ವಿಷಯವನ್ನು ಈ ಕೌನ್ಸಿಲ್‌ಗೆ ಕಳಿಸಿ ಕಾನೂನು ಅಭಿಪ್ರಾಯ ಕೇಳಬಹುದು. ಜಮೈಕಾ ಹಿಡಿದಿರುವ ದಾರಿ ಇದು. ನಮ್ಮ ರಾಷ್ಟ್ರಮುಖ್ಯಸ್ಥರಾಗಿ ನೀವು ನಮ್ಮ ಪ್ರಶ್ನೆಯನ್ನು ಅಲ್ಲಿಗೆ ಕಳಿಸಿ ಅಂತ ಕೇಳುತ್ತಿದೆ.

ಪ್ರಶ್ನೆಗಳು ಮೂರು. ಆಫ್ರಿಕನ್ನರನ್ನು ಬಲವಂತವಾಗಿ ಜಮೈಕಾಕ್ಕೆ ಸಾಗಿಸಿದ್ದು ಕಾನೂನುಬದ್ಧವಾಗಿತ್ತೇ? ಅದು ಮಾನವೀಯತೆಯ ವಿರುದ್ಧದ ಅಪರಾಧವೇ? ಗುಲಾಮಗಿರಿಗೂ ಅದರಿಂದ ಇವತ್ತಿಗೂ ಉಳಿದಿರುವ ಪರಿಣಾಮಗಳಿಗೂ ಪರಿಹಾರ ಒದಗಿಸುವ ಹೊಣೆ ಬ್ರಿಟನ್ನಿನ ಮೇಲಿದೆಯೇ?

ಮೊದಲ ಪ್ರಶ್ನೆ ಯಾಕೆ ಬಂತು ಅಂದರೆ, ಬ್ರಿಟನ್ನಿನ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಮೊದಲು ಹಿಡಿಯುವ ಗುರಾಣಿ ಅದೇ. ಆಗ ಅದು ಕಾನೂನುಬಾಹಿರವಾಗಿರಲಿಲ್ಲ, ಇವತ್ತಿನ ಕಾನೂನನ್ನು ಅವತ್ತಿನ ಕೆಲಸಕ್ಕೆ ಹಚ್ಚುವ ಹಾಗಿಲ್ಲ ಅನ್ನುವುದು ವಾದ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ತತ್ವಕ್ಕೆ ನಿಜವಾಗಿಯೂ ತೂಕ ಇದೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆದರೆ 'ಆಗಿನ ಕಾನೂನು' ಎಂಥದ್ದಿತ್ತು ಅಂತಲೂ ನೋಡಬೇಕು. 1781ರಲ್ಲಿ ಝಾಂಗ್ ಎಂಬ ಹಡಗು ಆಫ್ರಿಕಾದಿಂದ ಜಮೈಕಾಕ್ಕೆ ಹೊರಟಿತ್ತು. ಒಳಗೆ ನಾನೂರಕ್ಕೂ ಹೆಚ್ಚು ಸೆರೆಯಾಳುಗಳು. ಕುಡಿಯುವ ನೀರು ಸಾಲದು ಅನ್ನುವ ಕಾರಣ ಕೊಟ್ಟು ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಆಮೇಲೆ ಲಿವರ್‌ಪೂಲ್‌ನ ಹಡಗು ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆದಿದ್ದು ಕೊಲೆಯ ಬಗ್ಗೆ ಅಲ್ಲ, ವಿಮೆಯ ಬಗ್ಗೆ. ಮೊದಲ ತೀರ್ಪು ಮಾಲೀಕರ ಪರವಾಗಿಯೇ ಬಂತು. ಆಮೇಲೆ ಮರುವಿಚಾರಣೆಗೆ ಆದೇಶವಾಯಿತು. ಕೊಲೆಗಾಗಿ ಮಾತ್ರ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಇದಕ್ಕೂ ಹನ್ನೊಂದು ವರ್ಷ ಮೊದಲು, 1772ರಲ್ಲಿ, ಇಂಗ್ಲೆಂಡಿನ ನೆಲದಿಂದ ಒಬ್ಬ ಗುಲಾಮನನ್ನು ಬಲವಂತವಾಗಿ ಹೊರಗೆ ಸಾಗಿಸುವಂತಿಲ್ಲ ಎಂದು ತೀರ್ಪು ಕೊಟ್ಟಿದ್ದವರು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್. ಝಾಂಗ್ ಪ್ರಕರಣ ಬಂದಿದ್ದೂ ಅವರ ಮುಂದೆಯೇ. ಅಂದರೆ ತಮ್ಮ ಮನೆಯೊಳಗೆ ಸಲ್ಲದ್ದನ್ನು ಸಮುದ್ರದಾಚೆ ಸಲ್ಲುವಂತೆ ನೋಡಿಕೊಂಡ ಕಾನೂನು ಅದು. ಆ ಕಾನೂನು ಬರೆದವರೇ ಈಗ ಅದನ್ನು ರಕ್ಷಣೆಗೆ ತರಬಹುದೇ ಅನ್ನುವುದು ಜಮೈಕಾದ ಪ್ರಶ್ನೆಯ ಒಳಗಿರುವ ಪ್ರಶ್ನೆ.

2 ಕೋಟಿ ಪೌಂಡ್ ಹೋಗಿದ್ದು ಎಲ್ಲಿಗೆ

ಈಗ ಹಣದ ವಿಷಯ. ಗುಲಾಮಗಿರಿಗೆ ಪರಿಹಾರ ಕೊಡುವುದು ಆಗದ ಮಾತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬ್ರಿಟನ್ ಅದನ್ನು ಒಮ್ಮೆ ಕೊಟ್ಟಿದೆ. ಧಾರಾಳವಾಗಿ, ಕಾಗದಪತ್ರದ ಸಮೇತ ಕೊಟ್ಟಿದೆ.

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದತಿ ಕಾಯ್ದೆ ಪಾಸು ಮಾಡಿತು. ಅದರಲ್ಲೇ 2 ಕೋಟಿ ಪೌಂಡ್ ಪರಿಹಾರಕ್ಕೂ ಮಂಜೂರಾತಿ ಇತ್ತು. ಆಗಿನ ಸರ್ಕಾರದ ಇಡೀ ವರ್ಷದ ಖರ್ಚಿನ ಸುಮಾರು ಶೇ 40ರಷ್ಟು ಮೊತ್ತ ಅದು. ಪರಿಹಾರ ಸಿಕ್ಕಿದ್ದು ಯಜಮಾನರಿಗೆ, ತಮ್ಮ 'ಆಸ್ತಿ' ಕಳೆದುಕೊಂಡಿದ್ದಕ್ಕೆ. ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಒಂದು ಪೈಸೆಯೂ ಸಿಗಲಿಲ್ಲ. ಅಷ್ಟೇ ಅಲ್ಲ, ಆರು ವರ್ಷ ದಾಟಿದವರೆಲ್ಲ 'ಅಪ್ರೆಂಟಿಸ್' ಅನ್ನುವ ಹೆಸರಿನಲ್ಲಿ ಅದೇ ಯಜಮಾನನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕು ಎಂದು ಅದೇ ಕಾಯ್ದೆ ಹೇಳಿತು. ಎದುರು ಮಾತಾಡಿದವರನ್ನು ಜಮೈಕಾದಲ್ಲಿ ಸರ್ಕಾರಿ ಬಂದೀಖಾನೆಗೆ ಕಳಿಸಿ, ತಿರುಗುವ ಚಕ್ರದ ಮೆಟ್ಟಿಲುಗಳ ಮೇಲೆ ಗಂಟೆಗಟ್ಟಲೆ ತುಳಿಸುತ್ತಿದ್ದರು. ಈ ಪದ್ಧತಿ ನಿಂತಿದ್ದು 1838ರ ಆಗಸ್ಟ್ 1ರಂದು. ಹೀಗಾಗಿ ಬಿಡುಗಡೆಯ ಬೆಲೆಯಲ್ಲಿ ಒಂದು ಪಾಲನ್ನು ಗುಲಾಮರೇ ತಮ್ಮ ಬಿಟ್ಟಿ ದುಡಿಮೆಯಿಂದ ತೆತ್ತ ಹಾಗಾಯಿತು.

ಪರಿಹಾರ ಪಡೆದವರ ಪಟ್ಟಿ ಇವತ್ತಿಗೂ ಇದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ ಅದನ್ನು ಡೇಟಾಬೇಸ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಯಾರ ಹೆಸರು, ಯಾವ ತೋಟ, ಎಷ್ಟು ಗುಲಾಮರು, ಎಷ್ಟು ಪೌಂಡ್, ಎಲ್ಲವೂ ಸಿಗುತ್ತದೆ. ಮುಂದೆ ನಾಲ್ಕು ಬಾರಿ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಅವರ ತಂದೆ ಜಾನ್ ಗ್ಲ್ಯಾಡ್‌ಸ್ಟನ್ 2,508 ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಪಡೆದರು. ಒಟ್ಟು ಹಣದಲ್ಲಿ ಹತ್ತಿರ ಹತ್ತಿರ ಅರ್ಧ, ಬ್ರಿಟನ್ನಿನಲ್ಲೇ ಕೂತು ದೂರದ ತೋಟಗಳ ಆದಾಯ ಉಣ್ಣುತ್ತಿದ್ದವರ ಕೈಸೇರಿತು. ಅಲ್ಲಿಂದ ಅದು ರೈಲ್ವೆ, ಬ್ಯಾಂಕು, ವಿಮೆ, ಬಂಗಲೆಗಳಿಗೆ ಹರಿಯಿತು. ಕೆರಿಬಿಯನ್ ದ್ವೀಪಗಳಲ್ಲಿ ಮಾತ್ರ ಬಿಡುಗಡೆಯಾದವರಿಗೆ ಜಮೀನಿಲ್ಲ, ಶಾಲೆಯಿಲ್ಲ, ಬಂಡವಾಳವಿಲ್ಲ. ಎರಡೂ ಕಡೆ ಬೆಳವಣಿಗೆಯ ಓಟ ಶುರುವಾಗಿದ್ದು ಇಂಥ ಸ್ಥಿತಿಯಿಂದ.

'ಹಳೇ ಕಥೆ' ಅನ್ನುವ ವಾದ ಕುಸಿಯುವುದು ಇದರ ಮುಂದಿನ ವಿವರದಲ್ಲಿ. ಪರಿಹಾರಕ್ಕಾಗಿ ಸರ್ಕಾರ 1835ರಲ್ಲಿ ಒಂದೂವರೆ ಕೋಟಿ ಪೌಂಡ್ ಸಾಲ ಎತ್ತಿತು. ಆ ಸಾಲ ಕಾಲಕಾಲಕ್ಕೆ ಬೇರೆ ಸರ್ಕಾರಿ ಸಾಲಪತ್ರಗಳ ಜೊತೆ ಸೇರುತ್ತಾ ಹೋಯಿತು. ಅವು ಅಸಲು ತೀರಿಸಲು ಅವಧಿಯೇ ಇಲ್ಲದ, ಬಡ್ಡಿ ಮಾತ್ರ ಕಟ್ಟುತ್ತಾ ಹೋಗುವ ಪತ್ರಗಳು. ಕೊನೆಗೆ ಬ್ರಿಟನ್ ಅಂಥ ಪತ್ರಗಳನ್ನೆಲ್ಲ ತೀರಿಸಿ ಲೆಕ್ಕ ಚುಕ್ತಾ ಮಾಡಿದ್ದು 2015ರಲ್ಲಿ. 2018ರಲ್ಲಿ ಬ್ರಿಟನ್ನಿನ ಹಣಕಾಸು ಇಲಾಖೆಯೇ ಟ್ವೀಟ್ ಮಾಡಿ, ನಿಮ್ಮ ತೆರಿಗೆಯಿಂದ ಗುಲಾಮರ ವ್ಯಾಪಾರ ಕೊನೆಗಾಣಿಸಲು ನೆರವಾದಿರಿ ಎಂದು ಜನರಿಗೆ ಹೇಳಿತು. ಸಿಟ್ಟು ಭುಗಿಲೆದ್ದ ಮೇಲೆ ಅಳಿಸಿಹಾಕಿತು. 1948ರ ನಂತರ ಜಮೈಕಾ, ಬಾರ್ಬಡೋಸ್‌ನಿಂದ ಬ್ರಿಟನ್ನಿಗೆ ಹೋಗಿ ಬಸ್ಸು ಓಡಿಸಿದವರು, ಆಸ್ಪತ್ರೆಗಳಲ್ಲಿ ದುಡಿದವರು ಕಟ್ಟಿದ ತೆರಿಗೆಯಲ್ಲೂ ಈ ಸಾಲದ ಬಡ್ಡಿ ಸೇರಿತ್ತು. ತಮ್ಮ ಮುತ್ತಜ್ಜಿಯರ ಯಜಮಾನರಿಗೆ ಕೊಟ್ಟ ಹಣಕ್ಕೆ ಅವರು ಬಡ್ಡಿ ಕಟ್ಟಿದರು.

ಅದೇ 2015ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಜಮೈಕಾಕ್ಕೆ ಹೋಗಿ, ಆ ನೋವಿನ ಇತಿಹಾಸ ದಾಟಿ ಮುಂದೆ ಸಾಗೋಣ ಎಂದರು. ಜೊತೆಗೆ ಅಲ್ಲೊಂದು ಜೈಲು ಕಟ್ಟಲು 2.5 ಕೋಟಿ ಪೌಂಡ್ ಕೊಡುತ್ತೇವೆ ಎಂದರು. ಜಮೈಕಾದ ಜನರಿಗೆ ಆ ಮಾತು ಯಾಕೆ ಅಷ್ಟು ಚುಚ್ಚಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹೈಟಿ ಕಟ್ಟಿದ ದಂಡ

ಫ್ರಾನ್ಸಿನ ಲೆಕ್ಕ ಇನ್ನೂ ಕ್ರೂರ. ಹೈಟಿಯ ಗುಲಾಮರು ದಂಗೆ ಎದ್ದು, ಯುದ್ಧ ಗೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, 15 ಕೋಟಿ ಫ್ರಾಂಕ್ ಕೊಟ್ಟರೆ ಮಾತ್ರ ನಿಮ್ಮನ್ನು ದೇಶವೆಂದು ಒಪ್ಪುತ್ತೇವೆ ಎಂದಿತು. ಕಾರಣ ಅದೇ, ತೋಟದ ಮಾಲೀಕರ ನಷ್ಟ. ಮೊದಲ ಕಂತು ಕಟ್ಟಲೂ ಹೈಟಿ ಫ್ರೆಂಚ್ ಬ್ಯಾಂಕುಗಳಿಂದಲೇ ಸಾಲ ಮಾಡಬೇಕಾಯಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಅದರಿಂದ ಹುಟ್ಟಿದ ಸಾಲದ ಸರಪಳಿ ಇಪ್ಪತ್ತನೇ ಶತಮಾನದವರೆಗೂ ಎಳೆಯಿತು. ಈ ಆದೇಶಕ್ಕೆ 200 ವರ್ಷ ತುಂಬಿದ ದಿನ, 2025ರ ಏಪ್ರಿಲ್ 17ರಂದು, ಅಧ್ಯಕ್ಷ ಮ್ಯಾಕ್ರನ್ ಎರಡೂ ದೇಶದ ಇತಿಹಾಸಕಾರರ ಜಂಟಿ ಆಯೋಗ ರಚಿಸುವುದಾಗಿ ಹೇಳಿದರು. ಹಣ ವಾಪಸ್ ಕೊಡುವ ಮಾತಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಅತ್ಯಂತ ಸ್ಪಷ್ಟವಾದ ಬಾಕಿ ಹೈಟಿಯದ್ದೇ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು, ಯಾವಾಗ ಎಂಬುದೆಲ್ಲ ದಾಖಲೆಯಲ್ಲಿದೆ.

ಬ್ರಿಟನ್ ಯಾಕೆ ಒಪ್ಪುತ್ತಿಲ್ಲ

2024ರ ಅಕ್ಟೋಬರ್‌ನಲ್ಲಿ ಸಮೋವಾದಲ್ಲಿ ಕಾಮನ್‌ವೆಲ್ತ್ ಶೃಂಗಸಭೆ ನಡೆಯಿತು. ಭಾರತವೂ ಸೇರಿ 56 ದೇಶಗಳ ಒಕ್ಕೂಟ ಅದು. ಪರಿಹಾರದ ವಿಷಯ ಕಾರ್ಯಸೂಚಿಯಲ್ಲೇ ಇಲ್ಲ ಎಂದು ಬ್ರಿಟನ್ ಮೊದಲು ಹೇಳಿತ್ತು. ಆದರೆ ಕೊನೆಯ ಹೇಳಿಕೆಯಲ್ಲಿ, ಈ ಬಗ್ಗೆ ಅರ್ಥಪೂರ್ಣವಾಗಿ, ಸತ್ಯವಾಗಿ, ಗೌರವದಿಂದ ಮಾತಾಡುವ ಕಾಲ ಬಂದಿದೆ ಅನ್ನುವ ಸಾಲು ಸೇರಿತು. ಹಣದ ಬಗ್ಗೆ ಯಾವ ಚರ್ಚೆಯೂ ಆಗಲಿಲ್ಲ ಎಂದು ಪ್ರಧಾನಿ ಕೀರ್ ಸ್ಟಾರ್ಮರ್ ಕೂಡಲೇ ಸ್ಪಷ್ಟಪಡಿಸಿದರು.

ಅವರ ಕಡೆಯ ವಾದಗಳನ್ನು ನ್ಯಾಯವಾಗಿಯೇ ಕೇಳೋಣ. ಇವತ್ತಿನ ತೆರಿಗೆದಾರ ಗುಲಾಮರನ್ನು ಇಟ್ಟುಕೊಂಡವನಲ್ಲ. ಆಗಿನ ಬ್ರಿಟನ್ನಿನ ಗಣಿ ಕಾರ್ಮಿಕರೂ ಅರೆಹೊಟ್ಟೆಯಲ್ಲೇ ಬದುಕಿದ್ದರು, ಅವರ ಮರಿಮಕ್ಕಳು ಯಾಕೆ ಕೊಡಬೇಕು? ಗುಲಾಮರನ್ನು ಹಿಡಿದು ಮಾರಿದವರಲ್ಲಿ ಆಫ್ರಿಕಾದ ರಾಜರೂ ಇದ್ದರು. 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿದ ನಂತರ ಬ್ರಿಟಿಷ್ ನೌಕಾಪಡೆಯೇ ಗುಲಾಮರ ಹಡಗುಗಳನ್ನು ಹಿಡಿದು ಸುಮಾರು ಒಂದೂವರೆ ಲಕ್ಷ ಜನರನ್ನು ಬಿಡಿಸಿತು.

ಇವೆಲ್ಲ ಸುಳ್ಳಲ್ಲ. ಆಫ್ರಿಕಾದ ಪಾತ್ರವನ್ನು ಆಫ್ರಿಕನ್ನರೇ ಒಪ್ಪಿಕೊಂಡದ್ದೂ ಇದೆ. 1999ರಲ್ಲಿ ಬೆನಿನ್ ದೇಶದ ಅಧ್ಯಕ್ಷ ಮ್ಯಾಥ್ಯೂ ಕೆರೆಕೂ ಅಮೆರಿಕದ ಬಾಲ್ಟಿಮೋರ್‌ನ ಚರ್ಚೊಂದರಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಆದರೆ ಇಲ್ಲಿ ಹೊಣೆ ಕೇಳುತ್ತಿರುವುದು ವ್ಯಕ್ತಿಗಳನ್ನಲ್ಲ, ಸರ್ಕಾರವನ್ನು. ಸರ್ಕಾರ ಅನ್ನುವುದು ಮುಂದುವರಿಯುವ ಸಂಸ್ಥೆ. 1835ರ ಸಾಲವನ್ನು ಆಗ ಹುಟ್ಟಿರದ ತೆರಿಗೆದಾರರಿಂದ 180 ವರ್ಷ ವಸೂಲು ಮಾಡಬಹುದಾದರೆ, ಅದೇ ಕಾಯ್ದೆ ಬಿಟ್ಟುಹೋದ ಅನ್ಯಾಯದ ಹೊಣೆ ಮಾತ್ರ ಹೇಗೆ ಸತ್ತುಹೋಗುತ್ತದೆ? ಈ ಪ್ರಶ್ನೆಗೆ ಬ್ರಿಟಿಷ್ ಸರ್ಕಾರದಿಂದ ನೇರ ಉತ್ತರ ಬಂದಿಲ್ಲ.

ವಿಷಾದಕ್ಕೂ ಕ್ಷಮೆಗೂ ನಡುವೆ ವಕೀಲರಿದ್ದಾರೆ

ಚಾರ್ಲ್ಸ್ 2022ರಲ್ಲಿ, ಇನ್ನೂ ಯುವರಾಜರಾಗಿದ್ದಾಗ, ರುವಾಂಡಾದ ಕಿಗಾಲಿಯಲ್ಲಿ ನಡೆದ ಕಾಮನ್‌ವೆಲ್ತ್ ಶೃಂಗಸಭೆಯಲ್ಲಿ ಗುಲಾಮಗಿರಿಯ ಬಗ್ಗೆ ತಮ್ಮ ದುಃಖ ಹೇಳಿಕೊಂಡರು. ಪ್ರಧಾನಿಯಾಗಿದ್ದ ಟೋನಿ ಬ್ಲೇರ್ 2006ರಲ್ಲಿ ಆಳವಾದ ದುಃಖ ಎಂದರು. ಮರುವರ್ಷ ಘಾನಾ ಅಧ್ಯಕ್ಷರ ಜೊತೆಗಿನ ಸುದ್ದಿಗೋಷ್ಠಿಯಲ್ಲಿ ಬಾಯಿಮಾತಿನಲ್ಲಿ 'ಸಾರಿ' ಅಂತಲೂ ಅಂದರು. ಆದರೆ ಸರ್ಕಾರದ ವಿಧಿಬದ್ಧ ಕ್ಷಮೆ ಇನ್ನೂ ಬಂದಿಲ್ಲ. ನಮಗೂ ಇದು ಗೊತ್ತಿರುವ ಅನುಭವ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದ 2019ರಲ್ಲಿ ಆಗಿನ ಪ್ರಧಾನಿ ತೆರೆಸಾ ಮೇ ಬ್ರಿಟಿಷ್ ಸಂಸತ್ತಿನಲ್ಲಿ ವಿಷಾದ ಹೇಳಿ ಅಲ್ಲಿಗೇ ನಿಂತರು.

ಕಾರಣ ಕಾನೂನಿನ ಭಯ. ತಪ್ಪು ನಮ್ಮದು ಎಂದು ಸರ್ಕಾರ ಅಧಿಕೃತವಾಗಿ ಒಪ್ಪಿದರೆ ಆ ಮಾತು ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಬಹುದು. ಅಮೆರಿಕದ ಸೆನೆಟ್ 2009ರಲ್ಲಿ ಗುಲಾಮಗಿರಿಗೆ ಕ್ಷಮೆ ಕೇಳುವ ನಿರ್ಣಯ ಪಾಸು ಮಾಡಿತು. ಕೊನೆಗೆ, ಇದನ್ನು ಆಧಾರ ಮಾಡಿಕೊಂಡು ಅಮೆರಿಕದ ಮೇಲೆ ಯಾರೂ ಹಕ್ಕು ಸಾಧಿಸುವಂತಿಲ್ಲ ಎಂದೂ ಬರೆಯಿತು.

ಕ್ಷಮೆ ಕೇಳಿದ ದೇಶಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ ಅನ್ನುವುದಕ್ಕೆ ನೆದರ್ಲೆಂಡ್ಸ್ ಇದೆ. 2022ರ ಡಿಸೆಂಬರ್ 19ರಂದು ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2023ರ ಜುಲೈ 1ರಂದು ದೊರೆಯೂ ಕೇಳಿದರು. ಅರಿವು ಮೂಡಿಸುವ ಕೆಲಸಗಳಿಗೆ 20 ಕೋಟಿ ಯೂರೊ ನಿಧಿ ಇಟ್ಟರು. ಕೊರತೆಯೂ ಇತ್ತು. ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನವರನ್ನು ಸರಿಯಾಗಿ ಕೇಳದೆ ತಮಗೆ ಬೇಕಾದ ದಿನ ಕ್ಷಮೆ ಕೇಳಿದರು, ಪರಿಹಾರದ ಮಾತೇ ಎತ್ತಲಿಲ್ಲ ಎಂದು ಅಲ್ಲಿನವರು ಬೇಸರಪಟ್ಟರು. ಆ ಬೇಸರ ಸಕಾರಣವಾದದ್ದು.

ಎಷ್ಟು, ಯಾರ ಕೈಗೆ

2023ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಬ್ರಿಟನ್ ಕೊಡಬೇಕಾದದ್ದು 18.8 ಲಕ್ಷ ಕೋಟಿ ಪೌಂಡ್. ಇದರ ಹಿಂದೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದ್ದ ಜಮೈಕಾದ ನ್ಯಾಯಮೂರ್ತಿ ಪ್ಯಾಟ್ರಿಕ್ ರಾಬಿನ್ಸನ್ ಅವರ ಮುಂದಾಳತ್ವ ಇತ್ತು. ಬ್ರಿಟನ್ನಿನ ಒಂದು ವರ್ಷದ ಜಿಡಿಪಿಯ ಹಲವು ಪಟ್ಟು ಮೊತ್ತ ಅದು. ಅನ್ಯಾಯದ ಗಾತ್ರ ತೋರಿಸಲು ಅಂಥ ಲೆಕ್ಕ ಬೇಕು, ನಿಜ. ಆದರೆ ಮಾತುಕತೆಗೆ ಅದು ತೊಡಕು. ಆ ಸಂಖ್ಯೆ ಕೇಳಿದವರು ಚರ್ಚೆಯ ಬಾಗಿಲನ್ನೇ ಮುಚ್ಚಿಬಿಡುತ್ತಾರೆ.

ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್ 2014ರಲ್ಲಿ ಒಪ್ಪಿದ ಹತ್ತು ಅಂಶಗಳ ಯೋಜನೆಯೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಅದರಲ್ಲಿ ತಲೆಗಿಷ್ಟು ಅಂತ ಹಣ ಹಂಚುವ ಮಾತಿಲ್ಲ. ಮೊದಲ ಅಂಶ ಪೂರ್ಣ ಕ್ಷಮೆ. ಆಮೇಲೆ ಆರೋಗ್ಯ, ಓದು, ತಂತ್ರಜ್ಞಾನ, ಸಾಲ ಮನ್ನಾ. ಆರೋಗ್ಯ ಯಾಕೆ ಅಂದರೆ, ಆ ದ್ವೀಪಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ವಿಪರೀತ. ತಲೆಮಾರುಗಳ ಕೆಟ್ಟ ಆಹಾರ, ಒತ್ತಡದ ಬದುಕಿಗೂ ಇದಕ್ಕೂ ನಂಟಿದೆ ಎಂದು ಯೋಜನೆ ಹೇಳುತ್ತದೆ. ಸಾಲ ಮನ್ನಾ ಯಾಕೆ ಅಂದರೆ, ಸ್ವಾತಂತ್ರ್ಯ ಬಂದಾಗ ಕೈಯಲ್ಲಿ ಬಂಡವಾಳವಿಲ್ಲದ ಸರ್ಕಾರಗಳು ಶಾಲೆ, ಆಸ್ಪತ್ರೆ ಕಟ್ಟಲು ಸಾಲಕ್ಕೇ ಕೈಚಾಚಬೇಕಾಯಿತು.

ಹಣ ಯಾರ ಕೈಗೆ ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ಜರ್ಮನಿ 2021ರಲ್ಲಿ, ಹಿಂದೆ ತನ್ನ ವಸಾಹತಾಗಿದ್ದ ನಮೀಬಿಯಾದ ಹೆರೆರೊ, ನಾಮಾ ಜನರ ನರಮೇಧವನ್ನು ಒಪ್ಪಿಕೊಂಡು 30 ವರ್ಷಗಳಲ್ಲಿ 110 ಕೋಟಿ ಯೂರೊ ಕೊಡುವುದಾಗಿ ಹೇಳಿತು. ಅದನ್ನು ಪರಿಹಾರ ಎಂದು ಕರೆಯಲಿಲ್ಲ, ಅಭಿವೃದ್ಧಿ ನೆರವು ಎಂದಿತು. ಮಾತುಕತೆ ನಡೆದಿದ್ದು ಎರಡು ಸರ್ಕಾರಗಳ ನಡುವೆ. ಅಜ್ಜ ಅಜ್ಜಿಯರನ್ನು ಕಳೆದುಕೊಂಡ ಸಮುದಾಯಗಳ ಹಲವು ಮುಖಂಡರು, ನಮ್ಮನ್ನು ಹೊರಗಿಟ್ಟು ಮಾಡಿದ ಒಪ್ಪಂದ ಒಪ್ಪುವುದಿಲ್ಲ ಎಂದರು.

ಹಣ ನಿಜವಾಗಿ ಕೈಸೇರಿದ ಉದಾಹರಣೆಗಳಲ್ಲಿ ಒಂದು ಸಾಮ್ಯ ಇದೆ. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರಿಗೆ 1988ರ ಕಾಯ್ದೆಯಡಿ ತಲಾ 20,000 ಡಾಲರ್ ಕೊಟ್ಟರು. ಕೆನ್ಯಾದಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಎದ್ದ ಮೌ ಮೌ ಬಂಡಾಯದಲ್ಲಿ ಚಿತ್ರಹಿಂಸೆಗೆ ಒಳಗಾದ 5,228 ಜನರಿಗೆ ಬ್ರಿಟನ್ 2013ರಲ್ಲಿ 1.99 ಕೋಟಿ ಪೌಂಡ್ ಕೊಟ್ಟಿತು. ಎರಡರಲ್ಲೂ ನೊಂದವರು ಬದುಕಿದ್ದರು, ಹೆಸರು ಹಿಡಿದು ತೋರಿಸಬಹುದಿತ್ತು. ಅಟ್ಲಾಂಟಿಕ್ ಗುಲಾಮಗಿರಿಯಲ್ಲಿ ಅದು ಆಗುವುದಿಲ್ಲ. ಹಾಗಾಗಿ ವೈಯಕ್ತಿಕ ಚೆಕ್ಕಿಗಿಂತ ಆಸ್ಪತ್ರೆ, ಶಾಲೆ, ಸಾಲ ಮನ್ನಾದ ದಾರಿಯೇ ಗಟ್ಟಿ ಅಂತ ನನಗನಿಸುತ್ತದೆ.

ಭಾರತಕ್ಕೆ ತಾಗುವ ಎಳೆಗಳು

ಮೇಲೆ ಹೇಳಿದ ಜಾನ್ ಗ್ಲ್ಯಾಡ್‌ಸ್ಟನ್ ಪರಿಹಾರದ ಹಣ ಪಡೆದು ಸುಮ್ಮನಾಗಲಿಲ್ಲ. ಗುಲಾಮರು ಬಿಟ್ಟುಹೋದರೆ ಕಬ್ಬಿನ ತೋಟಕ್ಕೆ ಆಳು ಎಲ್ಲಿಂದ? ಅವರು ಕಲ್ಕತ್ತೆಯ ಕಂಪನಿಯೊಂದಕ್ಕೆ ಪತ್ರ ಬರೆದು ಭಾರತದಿಂದ ಕೂಲಿಗಳನ್ನು ಕೇಳಿದರು. 1838ರಲ್ಲಿ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಜನರನ್ನು ಇವತ್ತಿನ ಗಯಾನಾಕ್ಕೆ ಒಯ್ದವು. ಗುತ್ತಿಗೆ ಕೂಲಿಯ ಈ ಪದ್ಧತಿ ಇಪ್ಪತ್ತನೇ ಶತಮಾನದವರೆಗೂ ನಡೆಯಿತು. 2023ರ ಆಗಸ್ಟ್‌ನಲ್ಲಿ ಗ್ಲ್ಯಾಡ್‌ಸ್ಟನ್ ವಂಶಸ್ಥರು ಗಯಾನಾಕ್ಕೆ ಹೋಗಿ, ಗುಲಾಮಗಿರಿಗೂ ಗುತ್ತಿಗೆ ಕೂಲಿಗೂ ಸೇರಿಸಿ ಕ್ಷಮೆ ಕೇಳಿದರು.

ಕರ್ನಾಟಕಕ್ಕೂ ಒಂದು ಎಳೆ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳಲ್ಲಿ ಬಹುಪಾಲು ಜನರ ಹಿರಿಯರು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ಅವರಲ್ಲಿದ್ದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ. 2024ರ ಏಪ್ರಿಲ್‌ನಲ್ಲಿ ಪೋರ್ಚುಗಲ್ ಅಧ್ಯಕ್ಷ ಮಾರ್ಸೆಲೊ ರೆಬೆಲೊ ಡಿ ಸೌಸಾ, ಗುಲಾಮಗಿರಿ ಮತ್ತು ವಸಾಹತು ಕಾಲದ ತಪ್ಪುಗಳ ಬೆಲೆಯನ್ನು ನಾವು ತೆರಬೇಕು ಎಂದರು. ಅಂಥ ಯಾವ ಯೋಜನೆಯೂ ಇಲ್ಲ ಎಂದು ಅಲ್ಲಿನ ಸರ್ಕಾರ ಹೇಳಿಬಿಟ್ಟಿತು. ಕ್ಯಾರಿಕಾಮ್ ಯೋಜನೆ ಅಟ್ಲಾಂಟಿಕ್ ಕಡೆಯದ್ದು. ಹಿಂದೂ ಮಹಾಸಾಗರ ದಾಟಿಸಿ ತಂದವರ ಪರವಾಗಿ ಅಷ್ಟು ಗಟ್ಟಿಯಾಗಿ ಕೇಳುವ ದೇಶಗಳ ಗುಂಪು ಇಲ್ಲ. ಪರಿಹಾರದ ಮಾತು ನಿಜಕ್ಕೂ ಮುಂದುವರಿದರೆ ಸಿದ್ದಿಗಳ ಹೆಸರೂ ಬರಬೇಕು, ಅದನ್ನು ಎತ್ತಬೇಕಾದದ್ದು ಭಾರತ ಸರ್ಕಾರ.

ಮುಂದೇನಾಗಬಹುದು

ಪ್ರಿವಿ ಕೌನ್ಸಿಲ್ ಅಭಿಪ್ರಾಯ ಕೊಟ್ಟರೂ ಅದನ್ನು ಬಲವಂತವಾಗಿ ಜಾರಿ ಮಾಡಲು ಆಗುವುದಿಲ್ಲ. ಹಾಗಾದರೆ ಏನು ಪ್ರಯೋಜನ ಅಂತ ಕೇಳಬಹುದು. ಹಿಂದೂ ಮಹಾಸಾಗರದಲ್ಲಿ ಬ್ರಿಟನ್ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದ ಚಾಗೋಸ್ ದ್ವೀಪಗಳ ವಿಷಯ ನೋಡಿ. ಅದನ್ನು ಮಾರಿಷಸ್‌ಗೆ ಬಿಟ್ಟುಕೊಡಬೇಕು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಹೇಳಿದ್ದೂ ಬರೀ ಸಲಹೆಯೇ. ಬ್ರಿಟನ್ ಮೊದಲು ಲೆಕ್ಕಿಸಲಿಲ್ಲ. ಆದರೆ ವಿಶ್ವಸಂಸ್ಥೆಯಲ್ಲಿ ಒಂಟಿಯಾಗುತ್ತಾ ಬಂದು, 2025ರ ಮೇನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಕ್ಯಾರಿಕಾಮ್ ದೇಶಗಳು ಲೆಕ್ಕ ಹಾಕುತ್ತಿರುವುದು ಇಂಥದ್ದೇ ನಿಧಾನದ ಒತ್ತಡವನ್ನು.

ದೊರೆಯ ಮುಂದಿರುವ ಆಯ್ಕೆಗಳೂ ಸಲೀಸಲ್ಲ. ಇಂಥ ವಿಷಯದಲ್ಲಿ ಅವರು ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕು. ಜಮೈಕಾದ ಮಂತ್ರಿಗಳು ಕಳಿಸಿ ಎನ್ನುತ್ತಾರೆ, ಬ್ರಿಟನ್ನಿನ ಮಂತ್ರಿಗಳು ಬೇಡ ಎನ್ನಬಹುದು. ಮನವಿ ತಿರಸ್ಕಾರವಾದರೆ, ನಮ್ಮ ಪ್ರಶ್ನೆ ಕೇಳಿಸಿಕೊಳ್ಳದ ದೊರೆ ನಮಗೇಕೆ ಅನ್ನುವ ದನಿ ಜಮೈಕಾದಲ್ಲಿ ಜೋರಾಗುತ್ತದೆ. ಬಾರ್ಬಡೋಸ್ 2021ರಲ್ಲೇ ಗಣರಾಜ್ಯವಾಯಿತು. ಜಮೈಕಾ ಸರ್ಕಾರವೂ 2024ರ ಡಿಸೆಂಬರ್‌ನಲ್ಲಿ ಅಂಥ ಮಸೂದೆ ಮಂಡಿಸಿತ್ತು. ಹಾಗೆ ಗಣರಾಜ್ಯವಾದರೆ, ರಾಷ್ಟ್ರಮುಖ್ಯಸ್ಥರ ಮೂಲಕ ಪ್ರಿವಿ ಕೌನ್ಸಿಲ್‌ಗೆ ಹೋಗುವ ಈ ದಾರಿ ಮುಚ್ಚಿಹೋಗಬಹುದು. ಆಗ ಉಳಿಯುವುದು ಅಂತರರಾಷ್ಟ್ರೀಯ ನ್ಯಾಯಾಲಯ. ಅಲ್ಲಿ ಸಲಹೆ ಕೇಳಲು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬಹುಮತ ಬೇಕು. ಆಫ್ರಿಕನ್ ಒಕ್ಕೂಟ 2025ನ್ನು ಪರಿಹಾರದ ನ್ಯಾಯಕ್ಕೆ ಮೀಸಲಿಟ್ಟ ವರ್ಷ ಎಂದು ಸಾರಿದ್ದರಿಂದ ಆ ಬಹುಮತ ಕೈಗೆಟುಕದ ಮಾತೇನಲ್ಲ.

2026ರ ಕಾಮನ್‌ವೆಲ್ತ್ ಶೃಂಗಸಭೆಯ ಆತಿಥ್ಯ ಆಂಟಿಗುವಾ ಮತ್ತು ಬಾರ್ಬುಡಾ ದೇಶದ್ದು, ಒಂದು ಕಾಲಕ್ಕೆ ಗುಲಾಮರ ದುಡಿಮೆಯಿಂದ ಕಬ್ಬು ಬೆಳೆದ ದ್ವೀಪಗಳದ್ದು. ಸಮೋವಾದ ಹೇಳಿಕೆಯಲ್ಲಿ ಬಂದ ಒಂದು ಸಾಲನ್ನು ಅಲ್ಲಿಂದ ಮುಂದಕ್ಕೆ ಒಯ್ಯುವ ಆತುರ ಆತಿಥೇಯರಿಗೇ ಇರುತ್ತದೆ. ವಿಷಯ ಕಾರ್ಯಸೂಚಿಯಲ್ಲಿಲ್ಲ ಎಂದು ಹೇಳುವುದು ಬ್ರಿಟನ್ನಿಗೆ ಅಲ್ಲಿ ಜಾಸ್ತಿ ಕಷ್ಟ.